ಟೈರಿನ ಕೊನೆಯ ಮೂರು ಮಿಲಿಮೀಟರ್

(ಮಳೆಗಾಲಕ್ಕೆ ಮುಂಚೆ ಮಡಿಕೇರಿಯಲ್ಲಿ ಕಾರು ಮಾಲೀಕರು ಮತ್ತು ಬಾಡಿಗೆ ವಾಹನದ ಚಾಲಕರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ನಡುನಡುವೆ ಹಾರಿದ ತಮಾಷೆಗಳನ್ನು ಕೈಬಿಟ್ಟು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ನನಗೆ ಒಪ್ಪಿಸಿದ ವಿಷಯ "ಕಾರಿಗೆ ಯಾವ ಕಂಪನಿಯ ಟೈರ್ ಒಳ್ಳೆಯದು" ಎಂಬುದು. ಗೋಣಿಕೊಪ್ಪದ ನನ್ನ ಅಂಗಡಿಗೆ ಬರುವ ಹತ್ತು ಜನರಲ್ಲಿ ಒಂಬತ್ತು ಜನ ಕೇಳುವುದೂ ಇದನ್ನೇ. ಹತ್ತನೆಯವರು ಕೇಳುವುದಿಲ್ಲ, ಯಾವುದನ್ನು ಹಾಕಿಸಬೇಕೆಂದು ಅವರ ಭಾವ ಮನೆಯಲ್ಲೇ ತೀರ್ಮಾನ ಮಾಡಿ ಕಳಿಸಿರುತ್ತಾರೆ. ನಾನು ಏಳು ಕಂಪನಿಗಳ ಟೈರ್ ಮಾರುವವನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತಿನ ನನ್ನ ಮಾತನ್ನು ನೀವು ಒಪ್ಪಿದರೆ ನನ್ನ ವ್ಯಾಪಾರ ಸ್ವಲ್ಪ ಹೆಚ್ಚುತ್ತದೆ ಎಂಬುದೂ ನಿಜ. ಅದನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಕೇಳಿ.

ಟೈರ್ ಅಂಗಡಿಯವನ ಕಾರು ಚರಂಡಿಗೆ ಇಳಿದ ಕಥೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದಿನ ಕಕ್ಕಡ ಮಾಸ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ಕಾಲ. ಸುಳ್ಯಕ್ಕೆ ಹೊರಟು ಸಂಪಾಜೆ ಘಾಟಿ ಇಳಿಯುತ್ತಿದ್ದೆ. ಜೋಡುಪಾಲ ದಾಟಿ ಒಂದು ಎಡ ತಿರುವು. ವೇಗ ನಲವತ್ತರ ಆಸುಪಾಸು, ಅದಕ್ಕಿಂತ ಹೆಚ್ಚಿರಲಿಲ್ಲ. ಗುಡ್ಡದಿಂದ ಇಳಿದ ಕೆಂಪು ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿತ್ತು, ಅದರೊಳಗೆ ಕೊಳೆತ ಎಲೆ. ಕಾರಿನ ಮೂತಿ ನಾನು ಹೇಳಿದ ಕಡೆಗೇ ತಿರುಗಿತು. ಹಿಂಭಾಗ ಮಾತ್ರ ತನ್ನ ಪಾಡಿಗೆ ತಾನು ಬಲಕ್ಕೆ ಹೊರಟಿತು. ಸ್ಟಿಯರಿಂಗ್ ಹಗುರಾಯಿತು, ಗಾಜಿನ ಮುಂದೆ ರಸ್ತೆಯ ಬದಲು ಗುಡ್ಡದ ಮಣ್ಣು ಕಾಣಿಸಿತು, ಆಮೇಲೆ ಸದ್ದು. ಪುಣ್ಯಕ್ಕೆ ಗುಡ್ಡದ ಕಡೆಯ ಚರಂಡಿ. ಇನ್ನೊಂದು ಮಗ್ಗುಲಾಗಿದ್ದರೆ ಇವತ್ತು ಈ ಮಾತನ್ನು ಬೇರೆಯವರು ಆಡಬೇಕಾಗಿತ್ತು.

ಕಾರನ್ನು ಎಳೆಸಿ ತಂದು ಅಂಗಡಿಯಲ್ಲಿ ಅಳತೆ ಕಡ್ಡಿ ಇಟ್ಟು ಟೈರಿನ ಮೇಲಿನ ತೋಡುಗಳ ಆಳ ನೋಡಿದೆ. ಮುಂದಿನ ಎರಡು ಟೈರ್ ಹೊಸವು, ಎಂಟು ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಹಿಂದಿನವು 2.4. ಕಾನೂನಿನ ಪ್ರಕಾರ 1.6 ಮಿಲಿಮೀಟರ್ ತನಕ ಓಡಿಸಬಹುದು. ಅಂದರೆ ಪೊಲೀಸರು ನಿಲ್ಲಿಸಿ ನೋಡಿದ್ದರೂ ನನ್ನ ಟೈರ್ ಪಾಸು. ಸಂಪಾಜೆ ಘಾಟಿ ಮಾತ್ರ ಫೇಲು ಮಾಡಿತು. ಎರಡೇ ಟೈರ್ ಬದಲಿಸುವಾಗ ಹೊಸದನ್ನು ಮುಂದಕ್ಕೆ ಹಾಕುವುದು ನಮ್ಮ ಕಡೆಯ ರೂಢಿ, ಎಂಜಿನ್ ಮುಂದಿದೆ, ಸ್ಟಿಯರಿಂಗ್ ಮುಂದಿದೆ ಎಂಬ ತರ್ಕ. ಟೈರ್ ಕಂಪನಿಗಳು ಹೇಳುವುದು ಇದಕ್ಕೆ ತದ್ವಿರುದ್ಧ: ಹೊಸ ಜೋಡಿ ಹಿಂದಕ್ಕೆ. ಮುಂದಿನ ಟೈರ್ ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ಕಾಲು ಎತ್ತಿದರೆ ಬಹುತೇಕ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿ. ನನಗೆ ಇದು ಗೊತ್ತಿತ್ತು, ಗಿರಾಕಿಗಳಿಗೆ ಹೇಳುತ್ತಲೂ ಇದ್ದೆ. ನನ್ನ ಕಾರಿಗೆ ಹಾಕುವಾಗ ಹುಡುಗರು ಅಭ್ಯಾಸಬಲದಿಂದ ಮುಂದಕ್ಕೆ ಹಾಕಿದರು, ನಾನು ಗಡಿಬಿಡಿಯಲ್ಲಿ ನೋಡಲಿಲ್ಲ.

ಆ 2.4 ಮಿಲಿಮೀಟರಿನ ಟೈರ್ ಯಾವ ಕಂಪನಿಯದು ಎಂದು ಕೇಳಬೇಡಿ. ಬೇರೆ ಯಾವ ಕಂಪನಿಯದಾಗಿದ್ದರೂ ಅಷ್ಟು ಸವೆದಿದ್ದರೆ ಅದೇ ಚರಂಡಿಗೆ ಹೋಗುತ್ತಿದ್ದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಟೈರ್ ನೆಲಕ್ಕೆ ತಾಗುವ ಅಗಲ 15 ಸೆಂಟಿಮೀಟರ್ ಎಂದುಕೊಳ್ಳಿ. ರಸ್ತೆಯ ಮೇಲೆ ಎರಡು ಮಿಲಿಮೀಟರ್ ನೀರು, ಅಂದರೆ ಜೂನ್ ತಿಂಗಳಲ್ಲಿ ನಾವು ಮಳೆ ಎಂದು ಕರೆಯದ ಮಳೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಗುಣಿಸಿದರೆ ಒಂದೊಂದು ಟೈರೂ ಸೆಕೆಂಡಿಗೆ ನಾಲ್ಕು ಲೀಟರಿಗೂ ಹೆಚ್ಚು ನೀರನ್ನು ತನ್ನ ಕೆಳಗಿನಿಂದ ಆಚೆ ಹಾಕಬೇಕು. ಆ ನೀರಿಗೆ ಹೋಗಲು ಇರುವ ಮುಖ್ಯ ದಾರಿ ಬಟನ್‌ಗಳ, ಅಂದರೆ ಟೈರಿನ ಮೇಲೆ ಎದ್ದು ನಿಂತ ರಬ್ಬರ್ ತುಂಡುಗಳ ನಡುವಿನ ತೋಡು. ಹೊಸ ಟೈರಿನಲ್ಲಿ ಆ ತೋಡು ಎಂಟು ಮಿಲಿಮೀಟರ್ ಆಳದ ಕಾಲುವೆ. ಎರಡು ಮಿಲಿಮೀಟರಿಗೆ ಬಂದಾಗ ಅದು ಬೆರಳಿನಿಂದ ಗೀಚಿದ ಗೆರೆ. ಬಟನ್ ಮೇಲಿರುವ ಸಣ್ಣ ಸೀಳುಗಳು ಒದ್ದೆ ನೆಲವನ್ನು ಕಚ್ಚಿ ಹಿಡಿಯುವ ಹಲ್ಲುಗಳು. ಎಷ್ಟೋ ಟೈರುಗಳಲ್ಲಿ ಅವು ತಳದ ತನಕ ಇರುವುದೇ ಇಲ್ಲ, ಅರ್ಧ ಸವೆಯುವಷ್ಟರಲ್ಲಿ ಮಾಯವಾಗಿರುತ್ತವೆ.

ಆದ್ದರಿಂದ ನನ್ನ ವಾದ ಇಷ್ಟೇ: ಕೊಡಗಿನಲ್ಲಿ, ಮಳೆಗಾಲದ ಮಟ್ಟಿಗೆ, ಟೈರಿನ ಆಯಸ್ಸು ಮೂರು ಮಿಲಿಮೀಟರಿಗೆ ಮುಗಿಯಿತು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಭಾಗಮಂಡಲದ ಕಡೆಯವರಿಗೆ ಅದೂ ಕಡಿಮೆ ಅನ್ನಿಸುತ್ತದೆ. ಬಯಲುಸೀಮೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಂಟರಿಂದ 1.6ಕ್ಕೆ 6.4 ಮಿಲಿಮೀಟರ್ ಸವೆತ. ಎಂಟರಿಂದ ಮೂರಕ್ಕೆ ಐದು. 50,000 ಕಿಲೋಮೀಟರ್ ಬಾಳುತ್ತದೆ ಎಂದು ಹೊಗಳಿಸಿಕೊಳ್ಳುವ ಟೈರ್ ನಮಗೆ 39,000 ಮಾತ್ರ. ನಾಲ್ಕು ಟೈರಿಗೆ 20,000 ರೂಪಾಯಿ ಕೊಟ್ಟಿದ್ದೀರಿ ಎಂದಿಟ್ಟುಕೊಂಡರೆ ಸುಮಾರು 4,400 ರೂಪಾಯಿಯ ರಬ್ಬರನ್ನು ಉಪಯೋಗಿಸದೆ ಬಿಟ್ಟಂತೆ. ನನ್ನ ಚರಂಡಿ ಪ್ರಯಾಣದ ಬಿಲ್ಲು ಅದರ ಹಲವು ಪಟ್ಟು.

ಪೂರ್ತಿ ಬಿಸಾಡಬೇಕಾಗಿಯೂ ಇಲ್ಲ. ಕ್ಯಾಲೆಂಡರ್ ನೋಡಿ ಟೈರ್ ಕೊಳ್ಳಿ. ಮೇ ತಿಂಗಳಲ್ಲಿ ಮೂರೂವರೆ ಇದ್ದರೆ ಆಗಲೇ ಬದಲಿಸಿ, ಅಕ್ಟೋಬರ್ ತನಕ ಎಳೆಯಬೇಡಿ. ನವೆಂಬರ್-ಡಿಸೆಂಬರ್‌ನ ಪುತ್ತರಿ ಹಬ್ಬದ ಹೊತ್ತಿಗೆ ಮೂರು ಇದ್ದರೆ ಕಾಫಿ ಕೊಯ್ಲು ಮುಗಿಯುವ ತನಕ ಧಾರಾಳವಾಗಿ ಓಡಿಸಿ, ಒಣ ರಸ್ತೆಯಲ್ಲಿ ಅದಕ್ಕೆ ಏನೂ ಕೊರತೆಯಿಲ್ಲ. ಮಾರ್ಚ್‌ನ ಹೂಮಳೆಯ ದಿನ ಮಾತ್ರ ಎಚ್ಚರ. ತೋಟಕ್ಕೆ ಅಮೃತವಾದ ಅದೇ ಮೊದಲ ಮಳೆ ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆಗಳನ್ನೆಲ್ಲ ನೆನೆಸಿ ರಸ್ತೆಗೆ ಸಾಬೂನು ಬಳಿಯುತ್ತದೆ.

ಇನ್ನು ಕಂಪನಿಗಳ ವಿಚಾರ. ಹಿಡಿತ, ಸದ್ದು, ಬಾಳಿಕೆ, ಈ ಮೂರನ್ನೂ ಒಟ್ಟಿಗೆ ಕೊಡುವುದು ಯಾವ ಕಂಪನಿಗೂ ಸುಲಭವಲ್ಲ. ಗಟ್ಟಿ ರಬ್ಬರ್ ನಿಧಾನವಾಗಿ ಸವೆಯುತ್ತದೆ, ಆದರೆ ಒದ್ದೆ ಡಾಂಬರಿನ ಉಬ್ಬುತಗ್ಗಿಗೆ ಒಗ್ಗಿಕೊಳ್ಳುವುದಿಲ್ಲ. ಮೆತ್ತಗಿನದು ಅಂಟಿಕೊಳ್ಳುತ್ತದೆ, ಬೇಗ ಕರಗುತ್ತದೆ. ತೋಡು ಅಗಲ ಮಾಡಿದರೆ ನೀರು ಹೋಗುತ್ತದೆ, ಸದ್ದು ಬರುತ್ತದೆ. ಈ ಜಗಳವನ್ನು ಸ್ವಲ್ಪ ತಣ್ಣಗಾಗಿಸಿದ್ದು ಸಿಲಿಕಾ. 1992ರಲ್ಲಿ ಮಿಶೆಲಿನ್ ಕಂಪನಿ ಇಂಗಾಲದ ಮಸಿಯ ಬಹುಪಾಲನ್ನು ಕಡಿಮೆ ಮಾಡಿ ಸಿಲಿಕಾ ಬೆರೆಸಿದ ಟೈರನ್ನು ಮಾರುಕಟ್ಟೆಗೆ ತಂದಿತು. ಇಂಧನವೂ ಉಳಿಯಬೇಕು, ಒದ್ದೆಯಲ್ಲಿ ಹಿಡಿತವೂ ಇರಬೇಕು ಎಂಬುದು ಅದರ ಉದ್ದೇಶ. ಈಗ ಎಲ್ಲರೂ ಸಿಲಿಕಾ ಬಳಸುತ್ತಾರೆ, ಪ್ರಮಾಣ ಮಾತ್ರ ಬೇರೆ ಬೇರೆ. ಸಂಪಾಜೆ, ಪೆರಾಜೆ ಕಡೆಯ ರಬ್ಬರ್ ತೋಟದವರು ಇಲ್ಲಿದ್ದರೆ ಬೇಸರ ಮಾಡಿಕೊಳ್ಳಬೇಡಿ: ಕಾರಿನ ಟೈರಿನಲ್ಲಿ ನಿಮ್ಮ ಮರದ ಹಾಲಿನ ಜೊತೆ ಕಾರ್ಖಾನೆಯ ಕೃತಕ ರಬ್ಬರೂ ಧಾರಾಳವಾಗಿ ಇರುತ್ತದೆ.

ಹಾಗಾಗಿ ಪ್ರತಿ ಕಂಪನಿಯೂ ಒಂದಲ್ಲ, ನಾಲ್ಕಾರು ಬಗೆಯ ಟೈರ್ ಮಾಡುತ್ತದೆ. ನಾವು ಮದುವೆಯಲ್ಲಿ ಮನೆತನ ಕೇಳುತ್ತೇವೆ, ಹುಡುಗನನ್ನೂ ನೋಡುತ್ತೇವೆ. ಟೈರಿನ ವಿಷಯದಲ್ಲಿ ಮನೆತನ ಕೇಳಿ ಎದ್ದುಬಿಡುತ್ತೇವೆ. ಅಪೊಲೊ ಒಂದೇ ಉದಾಹರಣೆ ಸಾಕು. ಅಮೇಜರ್ 4ಜಿ ಲೈಫ್ ಎಂಬುದರ ಹೆಸರಿನಲ್ಲೇ ಬಾಳಿಕೆ ಇದೆ, ದಿನಕ್ಕೆ ಇನ್ನೂರು ಕಿಲೋಮೀಟರ್ ಓಡುವ ಟ್ಯಾಕ್ಸಿಯವರಿಗೆ ಹೇಳಿ ಮಾಡಿಸಿದ್ದು. ಅದೇ ಕಂಪನಿಯ ಆಲ್ನಾಕ್ 4ಜಿ ಹಿಡಿತದ ಕಡೆ ವಾಲಿದ್ದು. ಒಬ್ಬರು ಅಮೇಜರ್ ಹಾಕಿಸಿ "ಅಪೊಲೊ ಬಾಳಿಕೆ ಬರುತ್ತದೆ" ಎನ್ನುತ್ತಾರೆ, ಇನ್ನೊಬ್ಬರು ಆಲ್ನಾಕ್ ಹಾಕಿಸಿ "ಅಪೊಲೊ ಬೇಗ ಸವೆಯುತ್ತದೆ" ಎನ್ನುತ್ತಾರೆ, ಇಬ್ಬರೂ ಒಂದೇ ಚಹಾ ಅಂಗಡಿಯಲ್ಲಿ ಕೂತು ಜಗಳವಾಡುತ್ತಾರೆ. ಗುಡ್‌ಇಯರ್‌ನಲ್ಲೂ ಹಾಗೆಯೇ: ಡ್ಯುರಾಪ್ಲಸ್ ಬಾಳಿಕೆಗೆ, ಟ್ರಿಪಲ್‌ಮ್ಯಾಕ್ಸ್ ಒದ್ದೆ ರಸ್ತೆಯ ಬ್ರೇಕಿಗೆ. ಕಾಂಟಿನೆಂಟಲ್‌ನವರ ಕಂಫರ್ಟ್‌ಕಾಂಟ್ಯಾಕ್ಟ್ ಸದ್ದು ಕಡಿಮೆ ಮಾಡಲೆಂದು ಹುಟ್ಟಿದ್ದು. ಸಿಯೆಟ್‌ನ ಮೈಲೇಜ್ ಎಂಬ ಸರಣಿಯ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಶೆಲಿನ್ ಪ್ರೈಮಸಿ ನನ್ನ ಅನುಭವದಲ್ಲಿ ನಿಶ್ಶಬ್ದಕ್ಕೂ ಒದ್ದೆಯ ಹಿಡಿತಕ್ಕೂ ಒಳ್ಳೆಯ ಜೊತೆ, ಆದರೆ ದರ ಕೇಳಿ ಗಿರಾಕಿ ಒಮ್ಮೆ ಕುರ್ಚಿ ಹುಡುಕುತ್ತಾರೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರುಗಳ ಆಮದಿಗೆ ಪರವಾನಗಿಯ ನಿರ್ಬಂಧ ಹಾಕಿದ ಮೇಲೆ ಹೊರಗಿನಿಂದ ಬರುವ ಟೈರುಗಳು ಬೇಕಾದ ಅಳತೆಯಲ್ಲಿ ಬೇಕಾದಾಗ ಸಿಗುವುದೂ ಕಷ್ಟವಾಯಿತು.

ಎಂಆರ್‌ಎಫ್ ಬಗ್ಗೆ ಹೇಳದಿದ್ದರೆ ನನ್ನನ್ನು ಇಲ್ಲಿಂದ ಏಳಲು ಬಿಡುವುದಿಲ್ಲ. 1946ರಲ್ಲಿ ಮದರಾಸಿನಲ್ಲಿ ಆಟದ ಬಲೂನು ಮಾಡುತ್ತಾ ಶುರುವಾದ ಕಂಪನಿಗೆ ನಮ್ಮ ತೋಟದ ರಸ್ತೆಗಳಲ್ಲಿ ಇರುವ ಗೌರವ ಸುಮ್ಮನೆ ಬಂದದ್ದಲ್ಲ. ಅವರ ಝಡ್‌ವಿಟಿವಿ ಎಂಬ ಟೈರಿನ ಮಗ್ಗುಲು ಗಟ್ಟಿ. ಕಲ್ಲು ಚೂಪಾಗಿರುವ, ಗುಂಡಿಯೇ ರಸ್ತೆಯಾಗಿರುವ ಕಡೆ ಅದು ನೆಮ್ಮದಿ. ಜೆಕೆ ಟೈರ್ ಎಂದರೆ ನಮಗೆ ನೆರೆಮನೆ. ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಅವರ ಕೈಗೆ ಹೋಯಿತು, ಅಲ್ಲಿ ದುಡಿದವರು ನಮ್ಮ ಊರುಗಳಲ್ಲೂ ಇದ್ದಾರೆ. ಯೊಕೊಹಾಮಾ ಮೆತ್ತಗೆ, ಸದ್ದಿಲ್ಲದೆ ಓಡುತ್ತದೆ ಎಂದು ಇಷ್ಟಪಡುವವರು ಹೆಚ್ಚಾಗಿ ವಯಸ್ಸಾದವರು. ಬ್ರಿಡ್ಜ್‌ಸ್ಟೋನ್‌ನ ಸ್ಟರ್ಡೊ ಬಾಳಿಕೆಯವರ ಸಾಲಿನದು, ಟುರಾಂಜಾ ಹಿತದ ಸವಾರಿಯವರ ಸಾಲಿನದು. ಇದು ಏಳು ಕಂಪನಿಗಿಂತ ಹೆಚ್ಚಾಯಿತು, ನನಗೂ ಗೊತ್ತು.

ಹೊಸ ಕಾರಿನ ಜೊತೆ ಬಂದ ಟೈರ್ ಮೆಚ್ಚಿ ಅದೇ ಹೆಸರನ್ನು ಕೇಳಿಕೊಂಡು ಬರುವವರಿಗೆ ಒಂದು ಮಾತು. ಕಾರು ತಯಾರಕರು ಇಂಧನ ಉಳಿತಾಯಕ್ಕೆಂದು ಬೇರೆಯೇ ಮಿಶ್ರಣ ಮಾಡಿಸಿಕೊಂಡಿರುವುದುಂಟು. ಹೆಸರು ಒಂದೇ ಇದ್ದರೂ ಅಂಗಡಿಯ ಟೈರ್ ಅದೇ ಆಗಿರಬೇಕೆಂದಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ಟೈರಿನ ಮಗ್ಗುಲಿನಲ್ಲಿ ಟ್ರೆಡ್‌ವೇರ್ ಎಂದು ಬರೆದು 300, 400 ಎಂಬ ಅಂಕಿ ಕೆತ್ತಿರುತ್ತಾರೆ. ಅದು ಅಮೆರಿಕದ ಪದ್ಧತಿ. ನೂರು ಅಂಕದ ಒಂದು ಮಾದರಿ ಟೈರ್ ಇಟ್ಟುಕೊಂಡು ಟೆಕ್ಸಾಸ್‌ನ ಸ್ಯಾನ್ ಆಂಜೆಲೊ ಊರಿನ ಸುತ್ತಲಿನ ರಸ್ತೆಯಲ್ಲಿ 7,200 ಮೈಲಿ ಓಡಿಸಿ ಸವೆತ ಹೋಲಿಸುತ್ತಾರೆ. ಅಂಕಿಯನ್ನು ಕೊನೆಗೆ ಘೋಷಿಸುವುದು ಕಂಪನಿಯೇ. ಹಾಗಾಗಿ ಒಂದೇ ಕಂಪನಿಯ ಎರಡು ಟೈರುಗಳ ನಡುವೆ ಆ ಅಂಕಿಗೆ ಬೆಲೆ ಇದೆ, ಎರಡು ಕಂಪನಿಗಳ ನಡುವೆ ಅಷ್ಟಿಲ್ಲ. ಪಕ್ಕದಲ್ಲೇ ಟ್ರಾಕ್ಷನ್ ಎಂದು ಎಎ, ಎ, ಬಿ, ಸಿ ಇರುತ್ತದೆ. ಅದು ಒದ್ದೆ ನೆಲದ ಪರೀಕ್ಷೆಯೇ, ಆದರೆ ನೆಟ್ಟಗಿನ ಹಾದಿಯಲ್ಲಿ ಬ್ರೇಕ್ ಹಾಕಿ ನೋಡುವುದು. ತಿರುವಿನ ಪರೀಕ್ಷೆ ಅದರಲ್ಲಿಲ್ಲ. ಮಡಿಕೇರಿಯಿಂದ ಸಂಪಾಜೆ ತನಕ ನೆಟ್ಟಗಿನ ಹಾದಿ ಎಲ್ಲಿದೆ, ನೀವೇ ಹೇಳಿ. ಆದರೂ ಎ ಮತ್ತು ಬಿ ನಡುವೆ ಆಯ್ಕೆ ಇದ್ದರೆ ಎ ಹಿಡಿಯಿರಿ. ನಮ್ಮ ದೇಶದಲ್ಲೂ 2022ರಲ್ಲಿ ಒದ್ದೆಯ ಹಿಡಿತ, ಉರುಳುವಾಗಿನ ತಡೆ, ಸದ್ದು, ಈ ಮೂರಕ್ಕೂ ಎಐಎಸ್-142 ಎಂಬ ಮಾನದಂಡವನ್ನು ಕಡ್ಡಾಯ ಮಾಡುವ ಆದೇಶ ಹೊರಟಿತು. ಅದು ಪಾಸು-ಫೇಲಿನ ಗೆರೆ. ಯಾರು ಪ್ರಥಮ ದರ್ಜೆ ಎಂದು ಹೇಳುವುದಿಲ್ಲ.

ಸದ್ದಿನ ವಿಚಾರಕ್ಕೆ ಬರುತ್ತೇನೆ. ಇದರಲ್ಲಿ ಕಂಪನಿಗಳಿಗೆ ಸಿಗುವ ಬೈಗುಳದ ಅರ್ಧ ಭಾಗ ನಮಗೆ ಸೇರಬೇಕಾದ್ದು.

ಕಳೆದ ವರ್ಷ ಪೊನ್ನಂಪೇಟೆ ಕಡೆಯ ದಂಪತಿ ಬಂದರು. ಕಾರು ಓಡುವಾಗ ವಿಮಾನ ಬಂದ ಹಾಗೆ ಸದ್ದು, ನಾಲ್ಕೂ ಟೈರ್ ತೆಗೆದು ಬೇರೆ ಕಂಪನಿಯದು ಹಾಕಿ ಎಂದರು ಗಂಡ. ಟೈರಿಗೆ ಎರಡು ವರ್ಷ, ಆಳ ಐದರ ಮೇಲಿತ್ತು. ಹೆಂಡತಿಯ ಕೈ ಹಿಡಿದು ತೋರಿಸುವುದು ಸರಿಯಲ್ಲವಲ್ಲ, "ಅಕ್ಕಾ, ಹಿಂದಿನ ಟೈರಿನ ಒಳ ಅಂಚಿನ ಮೇಲೆ ಅಂಗೈ ಸವರಿ" ಎಂದೆ. ಮೇಲಿನಿಂದ ಕೆಳಕ್ಕೆ ಸವರಿದರು, ನುಣ್ಣಗಿತ್ತು. "ಈಗ ಕೆಳಗಿನಿಂದ ಮೇಲಕ್ಕೆ." ಸವರಿದವರು ಥಟ್ಟನೆ ಕೈ ತೆಗೆದರು. ಒಂದೊಂದು ಬಟನ್ನೂ ಒಂದು ಕಡೆ ತಗ್ಗಿ ಇನ್ನೊಂದು ಕಡೆ ಎದ್ದು ಗರಗಸದ ಹಲ್ಲಾಗಿತ್ತು. "ಹಲಸಿನಕಾಯಿ ಮುಟ್ಟಿದ ಹಾಗಾಯಿತು" ಎಂದರು ಅವರು. ಆ ಹಲ್ಲುಗಳು ಒಂದಾದ ಮೇಲೊಂದು ಡಾಂಬರಿಗೆ ಬಡಿಯುವುದೇ ಆ ವಿಮಾನ. ಕಾರಣ ವಿಚಾರಿಸಿದರೆ 22,000 ಕಿಲೋಮೀಟರ್ ಆದರೂ ಒಮ್ಮೆಯೂ ಟೈರ್ ಹಿಂದೆ ಮುಂದೆ ಬದಲಿಸಿಲ್ಲ, ಚಕ್ರಗಳು ನೇರ ಕೂತಿವೆಯೇ ಎಂಬ ಅಲೈನ್‌ಮೆಂಟ್ ನೋಡಿಸಿಲ್ಲ. ಎಂಟು ಹತ್ತು ಸಾವಿರಕ್ಕೊಮ್ಮೆ ಜಾಗ ಬದಲಿಸಿದ್ದರೆ ಈ ಹಲ್ಲು ಮೊಳೆಯುತ್ತಿರಲಿಲ್ಲ. ಹಿಂದಿನದನ್ನು ಮುಂದಕ್ಕೆ ಹಾಕಿ, ಅಲೈನ್‌ಮೆಂಟ್ ಮಾಡಿ ಕಳಿಸಿದೆ. ಪೂರ್ತಿ ಹೋಗಲಿಲ್ಲ, ಮೂರು ತಿಂಗಳಲ್ಲಿ ತಕ್ಕಮಟ್ಟಿಗೆ ಇಳಿಯಿತು. ಅವತ್ತು ನಾನು ನಾಲ್ಕು ಟೈರ್ ಮಾರಬಹುದಿತ್ತು. ಮಾರಲಿಲ್ಲ ಎಂದು ಇಲ್ಲಿ ಹೇಳಿಕೊಳ್ಳುವುದೂ ಒಂದು ಬಗೆಯ ವ್ಯಾಪಾರವೇ ಇರಬಹುದು.

ಟೈರಿನ ಸದ್ದೆಂದು ತಂದ ಕಾರಿನಲ್ಲಿ ಚಕ್ರದ ಬೇರಿಂಗ್ ಹೋಗಿರುವುದೂ ಉಂಟು. ತಿರುವಿನಲ್ಲಿ ಒಂದು ಕಡೆಗೆ ವಾಲಿದಾಗ ಸದ್ದು ಏರಿ ಇನ್ನೊಂದು ಕಡೆಗೆ ಇಳಿದರೆ ಮೊದಲು ಬೇರಿಂಗ್ ನೋಡಿಸಿ. ನಿಜಕ್ಕೂ ಟೈರಿನದೇ ಆದ ಸದ್ದನ್ನು ಅಡಗಿಸಲು ಕಂಪನಿಗಳು ಬಟನ್‌ಗಳನ್ನು ಬೇಕೆಂದೇ ಬೇರೆ ಬೇರೆ ಅಳತೆಯಲ್ಲಿ ಮಾಡುತ್ತವೆ. ಎಲ್ಲವೂ ಒಂದೇ ಅಳತೆಯಾದರೆ ಒಂದೇ ಸ್ವರ ಹೊರಟು ಕಿವಿಗೆ ಚುಚ್ಚುತ್ತದೆ; ಅಳತೆ ಹೆಚ್ಚುಕಡಿಮೆಯಾದರೆ ಸ್ವರ ಚದುರುತ್ತದೆ. ಯುರೋಪಿನ ಟೈರ್ ಚೀಟಿಯಲ್ಲಿ ಡೆಸಿಬೆಲ್ ಬರೆದಿರುತ್ತಾರೆ. ಮೂರು ಡೆಸಿಬೆಲ್ ಹೆಚ್ಚಾದರೆ ಸದ್ದಿನ ಶಕ್ತಿ ಇಮ್ಮಡಿ. ಆದರೆ ಅದು ರಸ್ತೆ ಬದಿ ನಿಂತವನಿಗೆ ಕೇಳುವ ಸದ್ದು, ಕಾರಿನೊಳಗಿನದಲ್ಲ. ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ ಕೇಳಿದರೆ, ಮಳೆಗಾಲದಲ್ಲಿ ವೈಪರ್ ಮತ್ತು ಛಾವಣಿಯ ಮಳೆಯ ಸದ್ದಿನ ನಡುವೆ ಟೈರಿನ ಸದ್ದು ಕೇಳುವ ಕಿವಿ ಇರುವವರಿಗೆ ನಾನು ಕೈ ಮುಗಿಯುತ್ತೇನೆ. ಕೊಡಗಿಗೆ ಹಿಡಿತ ಮೊದಲು, ಮಗ್ಗುಲಿನ ಗಟ್ಟಿತನ ಆಮೇಲೆ, ಬಾಳಿಕೆ ಅದರ ನಂತರ, ಸದ್ದು ಕೊನೆಗೆ.

ಪ್ರಶ್ನೆಗಳ ಹೊತ್ತಿನಲ್ಲಿ ಮೊದಲು ಎದ್ದವರು ನಿವೃತ್ತ ಸೈನಿಕರೊಬ್ಬರು. ಅವರ ಕಾರು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು, ಟೈರ್ ಹೊಸದರಂತಿದೆ, ಆಳ ಆರರ ಮೇಲಿದೆ, ತಾನು ನಿಶ್ಚಿಂತೆಯಿಂದ ಇರಬಹುದೇ ಎಂದರು. ಮಗ್ಗುಲಿನಲ್ಲಿ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ಓದಿದ್ದೀರಾ ಎಂದು ಕೇಳಿದೆ. ಮೊಬೈಲಿನಲ್ಲಿ ಚಿತ್ರ ತೆಗೆದು ತಂದಿದ್ದರು, ಸೈನಿಕರ ಶಿಸ್ತು: 2316. ಅಂದರೆ 2016ರ ಇಪ್ಪತ್ತಮೂರನೆಯ ವಾರ. ಅಂಗಳದಲ್ಲಿ ನಿಂತೇ ಮುದುಕಾದ ಟೈರ್ ಅದು. ರಬ್ಬರ್ ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ, ಉಗುರು ಊರಿದರೆ ಊರುವುದಿಲ್ಲ. ಆಳ ಎಷ್ಟಿದ್ದರೂ ಒದ್ದೆಯಲ್ಲಿ ಹಿಡಿಯುವುದಿಲ್ಲ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿಸಿ, ಹತ್ತನೆಯ ವರ್ಷಕ್ಕೆ ಮುಖ ನೋಡದೆ ಬದಲಿಸಿ ಎಂಬುದು ಹಲವು ಕಂಪನಿಗಳ ಸಲಹೆ. ಸ್ಟೆಪ್ನಿಯ ವಯಸ್ಸನ್ನೂ ನೋಡಿ ಎಂದೆ. ಅವರು ಇನ್ನೊಂದು ಚಿತ್ರ ತೆಗೆದು ತೋರಿಸಿದರು, ನಾವಿಬ್ಬರೂ ನಕ್ಕೆವು.

ಮಂಗಳೂರಿಗೆ ದಿನವೂ ಹೋಗಿಬರುವ ಚಾಲಕರೊಬ್ಬರ ಪ್ರಶ್ನೆ: ಕೆಳಗೆ ಗಾಳಿ ಹಾಕಿಸಿಕೊಂಡು ಮೇಲೆ ಬಂದರೆ ಒತ್ತಡ ಬದಲಾಗುತ್ತದೆಯೇ? ಇದು ನನಗೆ ಬಹಳ ಇಷ್ಟವಾದ ಲೆಕ್ಕ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರ. ಹೊರಗಿನ ಗಾಳಿ ತೆಳುವಾಗುವುದರಿಂದ ಗಾಳಿ ಅಳೆಯುವ ಗೇಜಿನಲ್ಲಿ ಒತ್ತಡ ಎರಡು ಪಿಎಸ್‌ಐಗೆ ಸ್ವಲ್ಪ ಕಡಿಮೆ ಏರುತ್ತದೆ. ಇಲ್ಲಿ ಹತ್ತು ಡಿಗ್ರಿ ತಂಪಿದ್ದರೆ ಅದರಿಂದ ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಒಂದು ಇನ್ನೊಂದನ್ನು ನುಂಗಿಹಾಕುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ, ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟು ಹಾಕಿಸಿ, ಸಾಕು. ನೈಟ್ರೋಜನ್ ಬೇಕೇ ಎಂದೂ ಅವರೇ ಕೇಳಿದರು. ಮಾಮೂಲು ಗಾಳಿಯಲ್ಲಿ ಶೇಕಡ 78 ನೈಟ್ರೋಜನ್ ಪುಕ್ಕಟೆ ಇದೆ.

ಮಾಂದಲಪಟ್ಟಿಗೆ ಜೀಪ್ ಓಡಿಸುವ ಹುಡುಗ ಕೆಸರಿನ ಟೈರುಗಳ ಬಗ್ಗೆ ಕೇಳಿದ. ದಪ್ಪ ಬಟನ್ ಇದ್ದರೆ ಎಲ್ಲ ಕಡೆ ಹಿಡಿಯುತ್ತದೆ ಎಂಬ ನಂಬಿಕೆ ಬೇಡ ತಮ್ಮಾ ಎಂದೆ. ಅದು ಮಣ್ಣನ್ನು ಅಗೆದು ಮುಂದೆ ಹೋಗುವ ಟೈರ್. ಒದ್ದೆ ಡಾಂಬರಿನಲ್ಲಿ ಅಗೆಯಲು ಏನೂ ಇಲ್ಲ, ತಾಗುವ ರಬ್ಬರೂ ಕಡಿಮೆ. ಗುಡ್ಡ ಹತ್ತಿಸಿದ ಟೈರನ್ನೇ ನಂಬಿ ಪೇಟೆಯ ಇಳಿಜಾರಿನಲ್ಲಿ ಜೋರಾಗಿ ಬರಬೇಡ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು, "ಅಣ್ಣಾ, ಇಷ್ಟೆಲ್ಲ ಹೇಳಿದಿರಿ, ನಿಮ್ಮ ಕಾರಿಗೆ ಯಾವುದು ಹಾಕಿದ್ದೀರಿ?" ಎಂದು ಕೇಳಿದರು. ಗುಡ್‌ಇಯರ್ ಟ್ರಿಪಲ್‌ಮ್ಯಾಕ್ಸ್, ನಾಲ್ಕೂ ಒಂದೇ. ನಿನ್ನೆ ಅಳೆದಾಗ ಮುಂದೆ 4.1, ಹಿಂದೆ 4.8. ಈ ಮಳೆಗಾಲಕ್ಕೆ ಸಾಕು, ಮುಂದಿನದಕ್ಕೆ ಇಲ್ಲ. ಕಾರು ಹೊರಗೆ ನಿಂತಿದೆ, ಅಳತೆ ಕಡ್ಡಿ ಇಲ್ಲೇ ಮೇಜಿನ ಮೇಲಿದೆ, ಬೇಕಾದವರು ಹೋಗಿ ನೋಡಬಹುದು. ಪಕ್ಕದ ಜೀಪನ್ನು ಮಾತ್ರ ಅಳೆಯಬೇಡಿ. ಅದು ನನ್ನ ತಮ್ಮನದು.